ಸಣ್ಣ ಆಪರೇಷನ್

ಪಿತ್ತಕೋಶದಲ್ಲಿ ಕಲ್ಲು ಉಂಟೆಂದು ಗೊತ್ತಾದ ದಿನದಿಂದ ನಾನು ಕೇಳಿದ್ದು ಒಂದೇ ಮಾತು: ಸಣ್ಣ ಆಪರೇಷನ್. ಮಣಿಪಾಲದ ಡಾಕ್ಟರು ಹೇಳಿದರು. ಪಾಪ, ಅವರಿಗೆ ದಿನವೂ ಅದೇ ಕೆಲಸ, ಹೇಳಲಿ. ಆದರೆ ಕಾಪುವಿನ ಮೀನು ಮಾರುವವರೂ, ಆಟೋದವನೂ, ಕೊನೆಗೆ ಸೂಜಿ ಕಂಡರೆ ಕಣ್ಣು ಮುಚ್ಚುವ ನನ್ನ ಗಂಡ ರೊಸಾರಿಯೊ ಕೂಡ ಅದನ್ನೇ ಹೇಳಿದರೆ ಮೈ ಉರಿಯುವುದಿಲ್ಲವೇ?

“ನಾಲ್ಕು ಸಣ್ಣ ತೂತು, ಅಷ್ಟೇ,” ಎಂದರು ರೊಸಾರಿಯೊ, ಪೇಪರಿನಿಂದ ತಲೆ ಎತ್ತದೆ.

“ತೂತು ಸಣ್ಣದೇ ಇರಬಹುದು. ಹೊಟ್ಟೆ ಯಾರದ್ದು?”

“ಎಂತ ಹೆದರುವುದು ಮಾರಾಯ್ತಿ? ನಿದ್ದೆ ಬರಿಸ್ತಾರೆ, ಗೊತ್ತೇ ಆಗುವುದಿಲ್ಲ.”

ಗೊತ್ತೇ ಆಗದಿರುವುದಕ್ಕೇ ನನಗೆ ಹೆದರಿಕೆ! ಹುಟ್ಟಿದಾಗಿನಿಂದ ಈ ಮೈಯಲ್ಲಿ ವಾಸ ಮಾಡಿದವಳು ನಾನು. ನಾಳೆ ಅದನ್ನು ಯಾರ್ಯಾರೋ ತೆರೆದು ನೋಡುವಾಗ ನಾನು ಎಲ್ಲಿರುತ್ತೇನೆ? ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡಿತು, ಅದರ ಅಳತೆಯೂ ಸಿಕ್ಕಿತು. ಹೆದರಿಕೆ ಕಾಣಲಿಲ್ಲ, ಹಾಗಾಗಿ ಅದು ಇಲ್ಲವೆಂದೇ ಎಲ್ಲರ ತೀರ್ಮಾನ. ನನಗೆ ಯಾರ ಧೈರ್ಯವೂ ಬೇಕಿರಲಿಲ್ಲ. ‘ಹೌದು ಆನಿ, ಹೆದರಿಕೆ ಆಗುವಂಥದ್ದೇ’ ಎಂದು ಈ ಮನುಷ್ಯ ಒಮ್ಮೆ ಹೇಳಿದ್ದರೆ ಸಾಕಿತ್ತು.

ಹೇಳಲಿಲ್ಲ. ಆಸ್ಪತ್ರೆಗೆ ಫ್ಲಾಸ್ಕ್ ತರುತ್ತೇನೆಂದು ಉಡುಪಿಯ ಬಸ್ಸು ಹತ್ತಿದರು. ನಾನು ಸಿಟ್ಟಿನಲ್ಲಿ ಇಗರ್ಜಿಗೆ ಫೋನ್ ಮಾಡಿ, “ಫಾದರ್, ನಾಳೆ ಆಪರೇಷನ್. ಬಂದು ಪವಿತ್ರ ಎಣ್ಣೆ ಹಚ್ಚಿ ಹೋಗಿ,” ಎಂದೆ. ಆ ಎಣ್ಣೆ ಕಾಯಿಲೆಯವರಿಗೆ ಬಲ ಬರಲೆಂದು ಹಚ್ಚುವಂಥದ್ದು, ಸಾಯುವವರಿಗೆ ಮಾತ್ರ ಅಲ್ಲ. ಫಾದರ್ ಪ್ರವಚನದಲ್ಲಿ ಹೇಳಿ ಹೇಳಿ ಸೋತಿದ್ದಾರೆ. ಆದರೂ ಉಸಿರು ಗಂಟಲಿಗೆ ಬರುವವರೆಗೆ ನಮ್ಮವರು ಅವರನ್ನು ಕರೆಯುವುದಿಲ್ಲ. ಹಾಗಾಗಿ ಎಣ್ಣೆಯ ಡಬ್ಬಿ ಹಿಡಿದ ಫಾದರನ್ನು ಕಂಡರೆ ಊರಿಗೆಲ್ಲ ಒಂದೇ ಅರ್ಥ.

ಪಕ್ಕದ ಮನೆಯ ನಳಿನಾಕ್ಷಿ ಕಂಡಳು. ಫಾದರ್ ಲಿಯೋನೆಲ್ ಬಿಳಿ ನಿಲುವಂಗಿಯಲ್ಲಿ, ಡಬ್ಬಿ ಹಿಡಿದು ನಮ್ಮ ಅಂಗಳ ದಾಟಿದಾಗ ಅವಳು ಒಳಗೆ ಬಂದು ಕೇಳಬಹುದಿತ್ತಲ್ಲ? ಇಲ್ಲ, ಫೋನ್ ಹಿಡಿದಳು. ನನ್ನ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ, ಪ್ರಾರ್ಥನೆ ಮುಗಿಸಿ, ಫಾದರ್ ಚಾ ಕುಡಿಯಲು ಕೂರುವಷ್ಟರಲ್ಲಿ ಅಂಗಳದ ತುಂಬ ಜನ. ಯಾರೋ ಪ್ಲಾಸ್ಟಿಕ್ ಕುರ್ಚಿಗಳನ್ನೂ ತಂದು ಸಾಲಾಗಿ ಇಡುತ್ತಿದ್ದರು.

“ಅಯ್ಯೋ ಆನಿ ಬಾಯಿ, ನೀವು ಕೂತಿದ್ದೀರಾ!” ಎಂದಳು ನಳಿನಾಕ್ಷಿ.

“ಮಲಗಬೇಕಿತ್ತಾ?”

ಅಷ್ಟರಲ್ಲಿ ಫೋನ್ ಬಂತು. ಕಾರ್ಕಳದಿಂದ ನನ್ನ ತಂಗಿ ಲೊರ್ನಾ, ಅಳುತ್ತಾ: “ಫ್ರೀಜರ್ ಪೆಟ್ಟಿಗೆಗೆ ಹೇಳಿದ್ರಾ? ಆನಿಯ ಮಗ ದುಬೈಯಿಂದ ಬರುವವರೆಗೆ ಅವಳನ್ನು ಇಡಬೇಕಲ್ವಾ?”

“ಇಡುವುದು ಬೇಡ. ನಾನೇ ಮಾತಾಡುವುದು.”

ಆ ಕಡೆ ಸೊರ್ರೆಂದು ಮೂಗೆಳೆದ ಸದ್ದು. ಆಮೇಲೆ, “ಹಾಗಾದರೆ ನಾಳೆಯದಕ್ಕೆ ಎಂತದೂ ಹೆದರಬೇಡ, ಸಣ್ಣ ಆಪರೇಷನ್,” ಎಂದಳು. ಇವಳಿಗೆ ಏನು ಹೇಳುವುದು!

ಆಗ ಗೇಟು ದಡಾರೆಂದಿತು. ರೊಸಾರಿಯೊ. ಸುದ್ದಿ ಬಸ್ಸಿನಲ್ಲೇ ಮುಟ್ಟಿತ್ತು. ಕೈಯಲ್ಲಿ ಫ್ಲಾಸ್ಕ್ ಇಲ್ಲ, ಮೂಗಿನ ಮೇಲೆ ಕನ್ನಡಕವಿಲ್ಲ. ಕುರ್ಚಿಗಳ ಸಾಲು ಕಂಡು ಅಲ್ಲೇ ನಿಂತುಬಿಟ್ಟರು. ಜನ ದಾರಿ ಬಿಟ್ಟರು, ನಾನು ಬಾಗಿಲಿಗೆ ಬಂದೆ.

“ನಿನಗೆ ಬುದ್ಧಿ ಉಂಟಾ?” ಎಂದು ಕಿರುಚಿದರು. “ನನ್ನ ಜೀವ ಬಸ್ಸಿನಲ್ಲೇ ಹೋಯಿತು!” ಬೈಯುತ್ತಾ ಬೈಯುತ್ತಾ ಅತ್ತೇಬಿಟ್ಟರು, ಅಷ್ಟೂ ಜನರ ಎದುರು. ಈ ಮನುಷ್ಯ ಅತ್ತದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ನನಗೂ ಅಳು ಬಂತು, ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

“ಸಣ್ಣದಲ್ವಾ?” ಎಂದು ಕೆಣಕಿದೆ.

“ಯಾರಿಗೆ ಸಣ್ಣದು? ಡಾಕ್ಟರು ಹೇಳಿದಾಗಿನಿಂದ ನನಗೆ ಅನ್ನ ಇಳಿಯುವುದಿಲ್ಲ. ಪೇಪರ್ ಹಿಡಿಯುತ್ತೇನೆ, ಒಂದಕ್ಷರ ಓದಲಿಕ್ಕೆ ಆಗುವುದಿಲ್ಲ.”

ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಬಂದರು. ಕುರ್ಚಿ ಎಳೆದು ಫಾದರ್ ಎದುರು ಕೂತು, ಎರಡೂ ಅಂಗೈ ಚಾಚಿದರು.

“ನನಗೂ ಹಚ್ಚಿ ಫಾದರ್.”

ಫಾದರ್ ಚಾದ ಲೋಟ ಕೆಳಗಿಟ್ಟರು. “ಇದು ಕಾಯಿಲೆಯವರಿಗೆ, ರೊಸಾರಿಯೊ. ನಿಮಗೆ ಎಂತ ಕಾಯಿಲೆ?”

“ಇವಳದ್ದೇ ಫಾದರ್,” ಎಂದರು ರೊಸಾರಿಯೊ.