ಕಿವಿಯಮ್ಮನ ಗೂಢಚಾರ

ಸೋಮವಾರ ಬೆಳಗ್ಗೆ ಕಿವಿಯಮ್ಮ ತನ್ನ ಮೇಜಿಗೆ ಬಂದು ಕೂತು ಕೀಲಿ ಒತ್ತಿದರೆ ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಅವಳಿಗೆ ಕಣ್ಣು ಕಾಣುವುದಿಲ್ಲ. ಡಾಕ್ಟರುಗಳು ಗೊಣಗಿ ರೆಕಾರ್ಡ್ ಮಾಡಿ ಕಳಿಸುವ ರೋಗಿಗಳ ವಿವರವನ್ನು ಕೇಳಿ ಟೈಪ್ ಮಾಡುವ ಆ ಆಫೀಸಿನಲ್ಲಿ ಅವಳಷ್ಟು ತಪ್ಪಿಲ್ಲದೆ ಟೈಪಿಸುವವರು ಇನ್ನೊಬ್ಬರಿಲ್ಲ. ಕಿವಿಯಮ್ಮ ಎಂಬ ಹೆಸರು ಅಂಟಿಕೊಂಡದ್ದೂ ಅದಕ್ಕೇ. ಆಫೀಸಿನ ಓಬೀರಾಯನ ಕಾಲದ ತಂತ್ರಾಂಶಕ್ಕೆ ಪೇಟೆಯಲ್ಲಿ ಸಿಗುವ ಯಾವ ಓದುವ ಪ್ರೋಗ್ರಾಮೂ ಹೊಂದದೆ ಹೋದಾಗ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಅವಳ ಭಾವ ಆರು ತಿಂಗಳು ಕೂತು ಅವಳಿಗೆಂದೇ ಒಂದನ್ನು ಬರೆದುಕೊಟ್ಟಿದ್ದ. ಒತ್ತಿದ ಅಕ್ಷರವನ್ನು ಅದು ಹೇಳುತ್ತಿತ್ತು, ಪರದೆಯ ಮೇಲೆ ಬಂದದ್ದನ್ನು ಓದುತ್ತಿತ್ತು. ಅದಿಲ್ಲದಿದ್ದರೆ ಅವಳಿಗೆ ಕೆಲಸವೂ ಇಲ್ಲ.

ಅದನ್ನು ಕಿತ್ತುಕೊಂಡದ್ದು ಕಳ್ಳ ತಂತ್ರಾಂಶ ಹುಡುಕುವ ವಾರದ ಸ್ಕ್ಯಾನ್. ಹಿಂದಿನ ವಾರವಷ್ಟೇ ಅದಕ್ಕೆ ಹೊಸ ನಿಯಮ ತುಂಬಿದ್ದರು. ಈ ಪ್ರೋಗ್ರಾಮ್ ಪ್ರತಿ ಕೀಲಿಯನ್ನೂ ಹಿಡಿಯುತ್ತದೆ, ಯಾವ ಕಂಪನಿಯ ಮುದ್ರೆಯೂ ಇಲ್ಲ, ಆದ್ದರಿಂದ ಗೂಢಚಾರಿ ತಂತ್ರಾಂಶ ಎಂದು ಕೆಂಪಕ್ಷರದಲ್ಲಿ ಬರೆದು ಕೂಡಿಹಾಕಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಯಂತ್ರಕ್ಕಾದರೆ ಬುದ್ಧಿ ಇಲ್ಲ, ಬಿಡೋಣ. ಬುದ್ಧಿ ಇದ್ದ ಮ್ಯಾನೇಜರ್ ಮಾಡಿದ್ದೇನು? ಎಲ್ಲರೆದುರು ನಿಂತು, "ರೋಗಿಗಳ ವಿವರ ಯಾರಿಗೆ ಕಳಿಸ್ತಿದ್ರಿ?" ಎಂದು ಕೇಳಿದ. ಸಾಕ್ಷಿ ಎಂದು ಅವಳ ಹೆಡ್‌ಫೋನನ್ನೂ ಎತ್ತಿಕೊಂಡು ಹೋದ. ದಿನಾ ಅವಳ ಹತ್ತಿರ ಕಾಗುಣಿತ ಕೇಳುತ್ತಿದ್ದ ಹದಿಮೂರು ಜನ ಸಹೋದ್ಯೋಗಿಗಳಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಗುರುವಾರ ಬೆಳಗ್ಗೆ ಮ್ಯಾನೇಜರನ ಅಪ್ಪಣೆ ಬಂತು: ಸಂಜೆಯೊಳಗೆ ಅದು ಗೂಢಚಾರಿ ಅಲ್ಲವೆಂದು ಸಾಬೀತಾಗಬೇಕು, ಇಲ್ಲದಿದ್ದರೆ ನಾಳೆಯಿಂದ ಬರಬೇಕಾಗಿಲ್ಲ.

ಕಿವಿಯಮ್ಮ ನೇರ ಸ್ಕ್ಯಾನಪ್ಪನ ಮೇಜಿಗೆ ಹೋದಳು. ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಅದು.

"ನಮ್ಮ ಭಾವ ಸೋಮವಾರ ಮಧ್ಯಾಹ್ನ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಕಳಿಸಿದಾರೆ. ಓದಿದ್ರಾ?"

"ಓದಿದೆ ಮೇಡಂ. ಅದು ಎಲ್ಲಿಗೂ ಏನೂ ಕಳಿಸಲ್ಲ. ಸ್ಕ್ಯಾನೇ ತಪ್ಪಾಗಿ ಹಿಡಿದಿದೆ. ಒಮ್ಮೊಮ್ಮೆ ಹಾಗಾಗುತ್ತೆ."

"ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಉಗುಳು ನುಂಗಿದ್ದು ಅವಳಿಗೆ ಕೇಳಿಸಿತು. "ಸೋಮವಾರಾನೇ."

"ಮತ್ತೆ ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಕೆಂಪು ಬಂದಿದ್ದನ್ನ ಬಿಟ್ಟರೆ ನನ್ನ ಹೆಸರು ದಾಖಲಾಗುತ್ತೆ ಮೇಡಂ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೇ ಬರುತ್ತೆ."

ಕಿವಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ತಲೆ ಉಳಿಸ್ಕೊಳ್ಳೋಕೆ ನನ್ನ ತಲೆ ಕೊಟ್ರಾ? ಏಳ್ರೀ ಮೇಲೆ! ಈಗಲೇ ಬಂದು ಸರಿ ಮಾಡಿ!"

ಆ ಕೂಗಿಗೆ ಮ್ಯಾನೇಜರ್ ಕೋಣೆಯಿಂದ ಹೊರಬಂದ. ಸ್ಕ್ಯಾನಪ್ಪ ತಡವರಿಸುತ್ತ ನಿಜ ಹೇಳಿದ. "ಸರಿ, ನನ್ನ ಕಣ್ಣೆದುರೇ ಹಾಕಿ ತೋರಿಸಿ," ಎಂದು ಮ್ಯಾನೇಜರ್ ಅವಳ ಮೇಜಿನ ಆಚೆ ಬದಿಯಲ್ಲಿ ಕೈಕಟ್ಟಿ ನಿಂತ.

ಕೂಡಿಹಾಕಿದ್ದನ್ನು ಸ್ಕ್ಯಾನಪ್ಪ ಬಿಡಿಸಿದ. "ಸಿದ್ಧ," ಎಂದಿತು ಪ್ರೋಗ್ರಾಮ್. ಹೆಡ್‌ಫೋನ್ ಇಲ್ಲದ್ದರಿಂದ ಸ್ಪೀಕರಿನಲ್ಲೇ ಎಂದಿತು. ಅವಳಿಗೆ ಅಳು ಉಕ್ಕಿ ಬಂತು, ತಡೆದುಕೊಂಡಳು. ಇನ್ನು ಮುಂದಿನ ಸ್ಕ್ಯಾನ್ ಅದನ್ನು ಮತ್ತೆ ಹಿಡಿಯದಂತೆ ವಿನಾಯಿತಿಯ ಪಟ್ಟಿಗೆ ಸೇರಿಸಬೇಕು. ಸ್ಕ್ಯಾನಪ್ಪ ಕೈಯಭ್ಯಾಸದಿಂದ ಪಟ್ಟಿ ತೆರೆದ. ವರ್ಷಗಟ್ಟಲೆ ಮೂಕ ಪರದೆಗಳ ಮುಂದೆ ಕೂತವನು, ಈ ಪರದೆಗೆ ಬಾಯಿ ಇದೆ ಎಂಬುದನ್ನೇ ಮರೆತಿದ್ದ.

"ಸ್ಕ್ಯಾನ್ ಮುಟ್ಟಬಾರದವು," ಎಂದು ಪ್ರೋಗ್ರಾಮ್ ಗಟ್ಟಿಯಾಗಿ ಓದತೊಡಗಿತು. "ಒಂದು. ಸಿಬ್ಬಂದಿ ನಿಗಾ. ಒತ್ತಿದ ಕೀಲಿಗಳು, ಪರದೆಯ ಚಿತ್ರಗಳು, ಹದಿನಾಲ್ಕು ಕಂಪ್ಯೂಟರುಗಳು. ವರದಿ ಮ್ಯಾನೇಜರಿಗೆ. ಅನುಮತಿ ಮ್ಯಾನೇಜರಿಂದ."

ಇಡೀ ಆಫೀಸಿನ ಟೈಪಿಂಗ್ ಸದ್ದು ನಿಂತಿತು.

"ಆ ಸ್ಪೀಕರ್ ಆಫ್ ಮಾಡ್ರೀ! ಆ ನಿಗಾ ಭದ್ರತೆಗೆ ಹಾಕಿರೋದು!" ಎಂದ ಮ್ಯಾನೇಜರ್. ಅವನನ್ನು ಯಾರೂ ಇನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ.

ಸ್ಪೀಕರಿನತ್ತ ಚಾಚಿದ ಸ್ಕ್ಯಾನಪ್ಪನ ಕೈಯನ್ನು ಕಿವಿಯಮ್ಮ ತಳ್ಳಿದಳು. ಬಾಣದ ಕೀಲಿ ಒತ್ತಿ ಅದೇ ಸಾಲನ್ನು ಇನ್ನೊಮ್ಮೆ ಓದಿಸಿದಳು.

ಪಕ್ಕದ ಮೇಜಿನ ಹಿರಿಯ ಟೈಪಿಸ್ಟ್ ಎದ್ದು ನಿಂತಳು. "ಊಟದ ಹೊತ್ತಲ್ಲಿ ನಾನು ಮಗಳಿಗೆ ಬರೀತಿದ್ದ ಪತ್ರಾನೂ ಓದಿದ್ರಾ?" ಎಂದಳು. ಒಂದೊಂದಾಗಿ ಕುರ್ಚಿಗಳು ಹಿಂದೆ ಸರಿದವು.

ಮ್ಯಾನೇಜರನ ದನಿ ಇಳಿಯಿತು. "ಆಯ್ತಮ್ಮಾ, ನಿಮ್ಮದನ್ನೂ ಇದೇ ಪಟ್ಟಿಗೆ ಸೇರಿಸ್ತಾರೆ. ಇನ್ನು ಕೆಲಸ ಶುರು ಮಾಡಿ."

ಮೂರು ದಿನದಿಂದ ಅವಳು ಕಾದದ್ದು ಈ ಮಾತಿಗೇ. ಆದರೂ ಅವಳು ಕೀಲಿಗಳ ಮೇಲಿಂದ ಕೈ ತೆಗೆದಳು.

"ಮೊದಲು ಆ ನಿಗಾನ ಕಿತ್ತು ಹಾಕಿ, ಆಮೇಲೆ ನನ್ನದು ಸೇರಿಸಿ," ಎಂದಳು. "ಅದರ ಪಕ್ಕದಲ್ಲಿ ನನ್ನದನ್ನ ಕೂರಿಸಬೇಡಿ. ನನ್ನದು ನನಗೆ ಮಾತ್ರ ಹೇಳ್ತಿತ್ತು."

ಯಾರೂ ಕೂರಲಿಲ್ಲ. ಎದ್ದು ನಿಂತ ಹದಿಮೂರು ಜನರ ಮುಂದೆ ಮ್ಯಾನೇಜರ್ ಕೊನೆಗೆ "ತೆಗೀರಿ" ಎಂದ. ಸ್ಕ್ಯಾನಪ್ಪ ನಿಗಾವನ್ನು ಹದಿನಾಲ್ಕು ಕಂಪ್ಯೂಟರುಗಳಿಂದ ಅಳಿಸಿ, ಪಟ್ಟಿಯಿಂದಲೂ ತೆಗೆದ. "ಪಟ್ಟಿ ಖಾಲಿ," ಎಂದಿತು ಪ್ರೋಗ್ರಾಮ್. ಆಮೇಲೆ ಅವನು ಅವಳದ್ದನ್ನು ಸೇರಿಸಿದ.

ಹಿರಿಯ ಟೈಪಿಸ್ಟ್ ಬಂದು ಅವಳ ಭುಜದ ಮೇಲೆ ಕೈಯಿಟ್ಟಳು. "ನಾವಾದ್ರೂ ನಿನ್ನ ನಂಬಬೇಕಿತ್ತಮ್ಮಾ."

ಇಂಥ ಮಾತಿಗೆ 'ಇರಲಿ ಬಿಡಿ' ಎನ್ನುವುದು ವಾಡಿಕೆ. ಕಿವಿಯಮ್ಮ ಕೈಯನ್ನು ಭುಜದಿಂದ ಮೆಲ್ಲಗೆ ತೆಗೆದಿಟ್ಟಳು.

"ಹೌದು," ಎಂದಳು. "ನಂಬಬೇಕಿತ್ತು."