ಹಾವಿನ ಮರಿಗಳಿಗೆ ಉಣಿಸುತ್ತಿದ್ದ ಎಮರಿ

ಆರೂಕಾಲು ಅಡಿ ಎತ್ತರದ, ಬಾಗಿಲ ತುಂಬ ನಿಲ್ಲುವಂಥ ಮೈಕಟ್ಟಿನ ಮನುಷ್ಯ ಮರದ ನೆಲದ ಮೇಲೆ ನಡೆದರೆ ಎಂಥ ಸದ್ದಾಗಬೇಕೋ ಅಂಥ ಸದ್ದು ಎಮರಿ ಸ್ಟಾಲ್ಟರ್ ಅವರಿಂದ ಒಂದು ದಿನವೂ ಆಗಲಿಲ್ಲ. ಹಿಮ್ಮಡಿ ಊರದೆ, ಪಾದದ ಹೊರ ಅಂಚನ್ನು ಮೊದಲು ತಾಗಿಸಿ, ನೆಲದ ಅಪ್ಪಣೆ ಕೇಳಿಕೊಂಡವರಂತೆ ಉಳಿದ ಭಾರವನ್ನು ಮೆಲ್ಲನೆ ಇಳಿಸುವುದು ಅವರ ನಡಿಗೆ. ಕಿವಿಯಿಲ್ಲದ ಹಾವು ನೆಲದ ಅದುರಿನಿಂದಲೇ ಲೋಕವನ್ನು ತಿಳಿಯುತ್ತದೆಂದು ಬಲ್ಲ ಮನುಷ್ಯ, ಮೂವತ್ತು ವರ್ಷ ಹಾವುಗಳಿದ್ದ ಮನೆಯಲ್ಲಿ ನಡೆದು ನಡೆದು, ಕೊನೆಗೆ ಅಂಗಡಿಯಲ್ಲೂ ಚರ್ಚಿನಲ್ಲೂ ಹಾಗೆಯೇ ನಡೆಯತೊಡಗಿದ್ದರು. ಅವರ ಹೆಂಡತಿ ಆರ್ಡಿಸ್‌ಗೆ ಅದು ಸಾಕಾಗಿಹೋಗಿತ್ತು. "ಈ ಗಂಡಸು ಮನೇಲಿದಾನೋ ಇಲ್ವೋ ಗೊತ್ತಾಗೋದಕ್ಕೆ ಕೊರಳಿಗೊಂದು ಗಂಟೆ ಕಟ್ಬೇಕು ಕಣೇ" ಎಂದು ನನ್ನೆದುರೇ ಹೇಳುತ್ತಿದ್ದರು.

ನಮ್ಮ ಫಿಂಡ್ಲೆ ಊರಿನಲ್ಲಿ ಅವರನ್ನು ಹೆಚ್ಚು ಜನ ಬಲ್ಲದ್ದು ಮನೆ ಬೆಚ್ಚಗಿಡುವ ಫರ್ನೇಸ್‌ಗಳ ರಿಪೇರಿಯವರೆಂದು. ಒಹಾಯೋದ ಚಳಿಗಾಲದಲ್ಲಿ ಮನೆ ತಣ್ಣಗಾಯಿತೆಂದರೆ ಅವರಿಗೇ ಫೋನು. ಆದರೆ ತಿಂಗಳ ಎರಡನೆಯ ಶನಿವಾರ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಕಾಫಿ ಕಾಯಿಸಿಕೊಂಡು ಸೇರುವ ನಾವು ಕೆಲವರು, ಹಾವು ಸಾಕುವವರು, ಅವರನ್ನು ಬಲ್ಲದ್ದು ಬೇರೆ ಕಾರಣಕ್ಕೆ. ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಯಾವುದೋ ಒಂದು ಬಾಯಿ ಕಟ್ಟಿಕೊಂಡು ಕೂತುಬಿಡುತ್ತದೆ. ಫ್ರೀಜರಿನಿಂದ ತೆಗೆದ, ಕಣ್ಣು ಬಿಡದ ಇಲಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಮುಂದಿಟ್ಟರೂ ಮುಖ ತಿರುಗಿಸುತ್ತದೆ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ, ಬೆನ್ನೆಲುಬು ಚರ್ಮದಡಿ ಗೆರೆಯಾಗಿ ಏಳುತ್ತದೆ. ಅಂಥ ಮರಿಯನ್ನು ಆಲೂಗಡ್ಡೆ ಸಲಾಡ್ ಮಾರುವ ಪ್ಲಾಸ್ಟಿಕ್ ಬಟ್ಟಲಲ್ಲಿಟ್ಟು, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ, ಎಮರಿಯವರ ಕೈಗೆ ಒಪ್ಪಿಸುವುದು ನಮ್ಮಲ್ಲಿ ವಾಡಿಕೆಯಾಗಿತ್ತು.

ಅವರದ್ದೊಂದು ಕಟ್ಟಳೆಯಿತ್ತು. ಮರಿಯ ಜೊತೆಗೆ ಅದನ್ನು ತೂಗುತ್ತಿದ್ದ ಅಂಗೈಯಗಲದ ತಕ್ಕಡಿಯನ್ನೂ ಕೊಡಬೇಕು. ತಿನ್ನದ ಮರಿಯನ್ನು ದಿನಕ್ಕೆರಡು ಸಲ ಹೊರತೆಗೆದು ತೂಗಿ ಚೀಟಿಯಲ್ಲಿ ಬರೆದಿಡುವುದು ನಮ್ಮಂಥವರೆಲ್ಲ ಪ್ರೀತಿಯಿಂದ ಮಾಡುವ ತಪ್ಪು; ಎತ್ತಿದಷ್ಟೂ ಅದು ಬೆದರುತ್ತದೆ, ಬೆದರಿದಷ್ಟೂ ಬಾಯಿ ಬಿಗಿಯುತ್ತದೆ. ಎಮರಿ ತಕ್ಕಡಿಯನ್ನು ಇಸಿದುಕೊಂಡು, ತಮ್ಮ ಕಂದು ಕ್ಯಾನ್ವಾಸ್ ಕೋಟಿನ ಹೊರಜೇಬಿಗೆ ಹಾಕಿಕೊಂಡು, ಬಟ್ಟಲನ್ನು ಒಳಜೇಬಿಗೆ ಇಳಿಸಿಕೊಳ್ಳುತ್ತಿದ್ದರು. ಆ ಒಳಜೇಬಿಗೆ ಆರ್ಡಿಸ್ ಹಳೆಯ ಉಣ್ಣೆ ಕಂಬಳಿಯ ತುಂಡನ್ನು ಹೊಲಿದುಕೊಟ್ಟಿದ್ದರು.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಮೇಪಲ್ ಎಂಬ ಹಾವಿನ ಮರಿಯ ದೆಸೆಯಿಂದ. ನನ್ನ ಅಣ್ಣ ರಾಯ್ಸ್ ಸಾಕಿದ್ದ ಕಿತ್ತಳೆ ಬಣ್ಣದ ಹೆಣ್ಣುಹಾವು ಆ ವರ್ಷದ ಜೂನ್‌ನಲ್ಲಿ ಹನ್ನೆರಡು ಮೊಟ್ಟೆಯಿಟ್ಟಿತು. ಅಣ್ಣ ಅವನ್ನು ಒದ್ದೆ ಪಾಚಿಯ ನಡುವೆ ಜೋಡಿಸಿ, ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದಿಟ್ಟು, ಜುಲೈನಲ್ಲಿ ಹೃದಯ ನಿಂತು ತೀರಿಕೊಂಡ. ಆಗಸ್ಟ್ ಕೊನೆಗೆ ಹನ್ನೆರಡೂ ಒಡೆದವು. ಹನ್ನೊಂದು ತಿಂದು ಬಲಿತು ಬೇರೆ ಬೇರೆ ಮನೆ ಸೇರಿದವು. ಉಳಿದ ಒಂದನ್ನು ನಾನೇ ಇಟ್ಟುಕೊಳ್ಳುವುದೆಂದು ಮೇಪಲ್ ಅಂತ ಹೆಸರಿಟ್ಟಿದ್ದೆ, ಅದೇ ಏನನ್ನೂ ಮುಟ್ಟಲಿಲ್ಲ. ನವೆಂಬರ್ ಹೊತ್ತಿಗೆ ಅದು ಶೂ ಕಟ್ಟುವ ದಾರದಷ್ಟು ಸಣ್ಣಗಾಗಿತ್ತು. ಅದು ಸತ್ತರೆ ಅಣ್ಣ ಇನ್ನೊಮ್ಮೆ ಸತ್ತ ಹಾಗೆ ಎಂದು ನನಗನ್ನಿಸುತ್ತಿತ್ತು. ಐವತ್ತಾರು ವರ್ಷದ ಹೆಂಗಸು ಹಾಗೆ ಯೋಚಿಸಬಾರದು, ಆದರೂ ಯೋಚಿಸುತ್ತಿದ್ದೆ.

ಸಭಾಂಗಣದಲ್ಲಿ ತಕ್ಕಡಿ ಕೊಡಲು ನಾನು ಹಿಂದೆಮುಂದೆ ನೋಡಿದಾಗ ನಮ್ಮ ಸಂಘದ ಕಾರ್ಯದರ್ಶಿ ಡಾರ್ಲಾ, "ಕೊಟ್ಬಿಡೇ ಲೆನೋರ್, ತಕ್ಕಡಿ ತಾನೇ ಕೇಳಿದ್ದು, ಕಿಡ್ನಿ ಅಲ್ವಲ್ಲ" ಎಂದು ಕಾಲೆಳೆದಳು. ಎಮರಿ ಮರಿಯನ್ನು ಬೆಳಕಿಗೆ ಹಿಡಿಯಲಿಲ್ಲ, ಕೈಗೆ ತೆಗೆದುಕೊಳ್ಳಲೂ ಇಲ್ಲ. ಮುಚ್ಚಳದ ಮೇಲಿಂದ ಒಮ್ಮೆ ನೋಡಿ, "ಇರಲಿ, ಇರಲಿ" ಎಂದರು. ಅವರ ಮಾತು ಶುರುವಾಗುತ್ತಿದ್ದುದೇ ಹಾಗೆ. ಪೈಪು ಒಡೆದು ನೆಲಮಾಳಿಗೆಯೆಲ್ಲ ನೀರಾದರೂ ಅವರು ಮೊದಲು ಅನ್ನುತ್ತಿದ್ದುದು ಅದನ್ನೇ.

ಅವರ ಮನೆಯಲ್ಲಿ ಮುದಿ ಹಸಿರು ಹಲ್ಲಿಯೊಂದಿತ್ತು. ಕಾಡಿನ ಹಾವಿನ ಮರಿಗಳು ಮೊದಲು ತಿನ್ನುವುದು ಪುಟ್ಟ ಹಲ್ಲಿಗಳನ್ನಾದ್ದರಿಂದ, ಇಲಿಮರಿಯನ್ನು ತೊಳೆದು ಒರೆಸಿ ಆ ಹಲ್ಲಿಯ ಬೆನ್ನಿಗೆ ಮೃದುವಾಗಿ ಉಜ್ಜಿ, ಅದರ ವಾಸನೆ ಹತ್ತಿಸಿ ಮರಿಯ ಮುಂದಿಡುತ್ತಿದ್ದರು. ಉಜ್ಜಿದ ಮೇಲೆ ಹಲ್ಲಿಗೊಂದು ಮಿಡತೆ ಕೊಟ್ಟು, "ತಗೋಳಮ್ಮ, ನಿನ್ನ ಕೂಲಿ" ಎನ್ನುತ್ತಿದ್ದರು. ಮೊದಲ ಸಲ ಮೇಪಲ್ ಅದನ್ನೂ ಬಿಟ್ಟಿತು. ನಾನು ಅವರ ಅಡುಗೆಮನೆಯಲ್ಲಿ ನಿಂತು ಜಗಳಕ್ಕೇ ಬಿದ್ದೆ. ಬಾಯಿ ಬಿಡಿಸಿ ಗಂಟಲಿಗೆ ತುರುಕಿ, ಎಲ್ಲರೂ ಮಾಡುತ್ತಾರೆ, ನಿಮಗೇನು ಕಷ್ಟ ಎಂದೆ.

"ಇರಲಿ. ನಾನೂ ಮಾಡಿದೀನಿ" ಎಂದರು. "ಒಂದೇ ಸಲ. ಹಲ್ಲುಕಡ್ಡೀಲಿ ಬಾಯಿ ಬಿಡಿಸಿ ತುರುಕಿದೆ. ಗೆದ್ದೆ ಅಂದ್ಕೊಂಡೆ. ಬೆಳಗ್ಗೆ ಎದ್ದು ನೋಡಿದ್ರೆ ಸತ್ತಿತ್ತು. ಹಸಿವಿಗೆ ಸಾಯ್ಲಿಲ್ಲ ಅದು, ಲೆನೋರ್. ನನ್ನ ಕೈಗೆ ಸತ್ತಿದ್ದು."



ಐದು ದಿನ ಬಿಟ್ಟು ಎರಡನೆಯ ಸಲ. ಮರಿಯನ್ನೂ ಇಲಿಮರಿಯನ್ನೂ ಒಂದು ಕಾಗದದ ಚೀಲದಲ್ಲಿಟ್ಟು, ಬಾಯಿ ಮಡಿಸಿ, ಫರ್ನೇಸಿನ ಪಕ್ಕದ ಬೆಚ್ಚನೆಯ ಕಪಾಟಿನಲ್ಲಿ ಕತ್ತಲೆ ಮಾಡಿಟ್ಟು, "ಒಂದೂವರೆ ಗಂಟೆ ಯಾರೂ ಆ ಕಡೆ ಹೋಗಬೇಡಿ" ಎಂದು ಹೇಳಿ ಎಮರಿ ಯಾರದೋ ಮನೆಯ ಚಿಮಣಿ ನೋಡಲು ಹೊರಟರು. ನಾನು ಆರ್ಡಿಸ್ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದೆ. ಅರ್ಧ ಗಂಟೆ ಹೇಗೋ ತಡೆದೆ. ಆಮೇಲೆ ಬಚ್ಚಲಿಗೆ ಹೋಗುವ ನೆಪದಲ್ಲಿ ಹೋಗಿ, ಚೀಲದ ಮಡಿಕೆ ಬಿಡಿಸಿ ಇಣುಕಿದೆ. ಇಲಿಮರಿಯ ತಲೆ ಮೇಪಲ್‌ನ ಬಾಯೊಳಗಿತ್ತು. ಬೆಳಕು ಬಿದ್ದದ್ದೇ ತಡ, ಅದು ದವಡೆ ಸಡಿಲಿಸಿ, ಇಲಿಮರಿಯನ್ನು ಉಗುಳಿ, ಚೀಲದ ಮೂಲೆಗೆ ಸರಿದು ಮುದುಡಿಕೊಂಡಿತು. ನಾನು ಚೀಲದ ಬಾಯಿಯನ್ನು ಮತ್ತೆ ಮಡಿಸಿಟ್ಟೆ.

ಎಮರಿ ಬಂದು ನನ್ನ ಮುಖ ನೋಡಿದರು, ಕೇಳುವುದೇನೂ ಉಳಿದಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಇರಲಿ, ಬಾಯಿಗೆ ಹಾಕ್ಕೊಂಡಿತ್ತಲ್ಲ, ಅಷ್ಟು ಗೊತ್ತಾಯ್ತಲ್ಲ" ಎಂದಷ್ಟೇ ಹೇಳಿ ಮರಿಯನ್ನು ಅದರ ಡಬ್ಬಿಗೆ ಬಿಟ್ಟರು. ಆದರೆ ಅಂದು ಅವರು ಬೆನ್ನೆಲುಬಿನ ಗೆರೆಯನ್ನು ತುಸು ಹೆಚ್ಚು ಹೊತ್ತು ನೋಡಿದ್ದನ್ನು ನಾನು ಗಮನಿಸಿದೆ. ಇನ್ನೊಂದು ಸಲಕ್ಕಷ್ಟೇ ಅದರ ಮೈಯಲ್ಲಿ ಕಸುವಿದೆಯೆಂದು ನನಗೂ ತಿಳಿಯಿತು.

ಆರು ದಿನದ ಮೇಲೆ ಚೀಲವನ್ನು ಕಪಾಟಿಗಿಟ್ಟವರು ನೇರವಾಗಿ ನನ್ನ ಕೋಟನ್ನು ತಂದು ಕೈಗಿತ್ತರು. "ನಡಿ. ಈ ಮನೇಲಿ ನಿನ್ನ ಬಿಟ್ಟು ನಾನು ಹೋಗಲ್ಲ." ಅವರ ಟ್ರಕ್ಕಿನಲ್ಲಿ ಹೆದ್ದಾರಿಯ ಬದಿಯ ಹೋಟೆಲಿಗೆ ಹೋದೆವು. ನನಗೇನೂ ಬೇಡವೆಂದರೂ ಅವರು ಎರಡು ಚೆರಿ ಪೈ ತರಿಸಿದರು. ಅಣ್ಣ ಹೋದ ಮೇಲೆ ನಾನೂ ಸರಿಯಾಗಿ ಉಂಡಿರಲಿಲ್ಲ; ನನ್ನ ಬಟ್ಟೆಗಳು ಮೈಮೇಲೆ ಜೋಲುತ್ತಿದ್ದುದನ್ನು ಊರೆಲ್ಲ ಕಂಡು, ಉಣ್ಣು ಉಣ್ಣು ಎಂದು ಪಾತ್ರೆ ಪಾತ್ರೆ ಅಡುಗೆ ತಂದು ಎದುರಿಗೇ ಕೂರುತ್ತಿತ್ತು. ಎಮರಿ ಉಣ್ಣು ಎನ್ನಲಿಲ್ಲ. ಕುರ್ಚಿಯನ್ನು ಓರೆಯಾಗಿಸಿ, ಕಿಟಕಿಯಾಚೆ ನೋಡುತ್ತ, ಅರವತ್ತು ವರ್ಷ ಹಳೆಯ ಫರ್ನೇಸೊಂದರಲ್ಲಿ ಅಳಿಲು ಸಂಸಾರ ಹೂಡಿದ್ದನ್ನೂ, ಅದನ್ನು ಒಕ್ಕಲೆಬ್ಬಿಸಲು ತಾವು ಎರಡು ದಿನ ಸೋತದ್ದನ್ನೂ ಹೇಳುತ್ತಲೇ ಹೋದರು. ನಡುವೆ ನಾನೊಮ್ಮೆ ನಕ್ಕೆ. ತಟ್ಟೆಯ ಕಡೆ ನೋಡಿದಾಗ ಅದರಲ್ಲಿ ಪೈ ಇರಲಿಲ್ಲ.

ಮನೆಗೆ ಬಂದು ಅವರು ಸೀದಾ ಕೈತೊಳೆಯಲು ಹೋದರು. "ನೀನೇ ನೋಡು" ಎಂದರು. ನೀವೂ ಬನ್ನಿ ಎಂದು ನಾನು ಕರೆದಾಗ ಆರ್ಡಿಸ್, "ಅವನು ಬರಲ್ಲ ಬಿಡೇ. ಇನ್ನೂರು ಮರಿಗೆ ಉಣಿಸಿದಾನೆ, ಒಂದು ಮರಿ ಮೊದಲ ತುತ್ತು ನುಂಗಿದ್ದನ್ನೂ ಕಂಡಿಲ್ಲ" ಎಂದರು.

ಚೀಲ ಬಿಡಿಸಿದೆ. ಮೇಪಲ್ ಒಂದೇ ಇತ್ತು. ಕತ್ತಿನಿಂದ ಎರಡು ಬೆರಳು ಕೆಳಗೆ ಹುರುಳಿಕಾಯಿಯೊಳಗಿನ ಬೀಜದಂತೆ ಒಂದು ಉಬ್ಬು. ಅದು ನಾಲಗೆಯನ್ನು ಒಮ್ಮೆ ಚಾಚಿ ನನ್ನನ್ನು ಮೂಸಿ ಸುಮ್ಮನಾಯಿತು. ರಾಯ್ಸ್‌ನ ಮಣ್ಣಿನ ದಿನವೂ ಬಾರದ ಅಳು ನನಗೆ ಆ ಕಪಾಟಿನ ಮುಂದೆ ಬಂತು. ಹಿಂದಿನ ಕೋಣೆಯಲ್ಲಿ ನಲ್ಲಿ ನಿಂತಿತು. ಆದರೆ ಯಾರೂ ನನ್ನ ಹತ್ತಿರ ಬರಲಿಲ್ಲ. ಅಳು ಮುಗಿದು ಎಷ್ಟೋ ಹೊತ್ತಿನ ಮೇಲೆ ಗೋಡೆಯಾಚೆಯಿಂದ ಎಮರಿಯವರ ದನಿ, "ಎರಡು ದಿನ ಮುಟ್ಟಬೇಡ ಅದನ್ನ" ಎಂದಿತು.

ಅಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಮಾಡಬೇಕಾದದ್ದನ್ನೆಲ್ಲ ಮಾಡಿಟ್ಟು, ಇನ್ನುಳಿದದ್ದು ನಿನ್ನದು ಎಂಬಂತೆ ಎದ್ದು ಹೋಗಿಬಿಡುತ್ತಾರೆ. ಆ ಹೋಗುವಿಕೆ ನಮಗೆ ಮೊದಲು ಉದಾಸೀನದಂತೆ ಕಾಣುತ್ತದೆ, ಕೆಲವೊಮ್ಮೆ ಕ್ರೌರ್ಯದಂತೆಯೂ. ನಮ್ಮನ್ನು ಪ್ರೀತಿಸುವ ಉಳಿದವರೆಲ್ಲ ಎದುರಿಗೆ ಕೂತು, ಗಲ್ಲಕ್ಕೆ ಕೈಯಿಟ್ಟು, ತುತ್ತು ಒಳಗಿಳಿಯಿತೋ ಇಲ್ಲವೋ ಎಂದು ಕಾಯುತ್ತಾರೆ, ಮತ್ತು ನಾವು ಆ ಕಣ್ಣುಗಳ ಮುಂದೆ ಉಣ್ಣಲಾರದೆ ಒಣಗುತ್ತೇವೆ. ಇವರು ಕಾಯುವುದಿಲ್ಲವೆಂದಲ್ಲ, ನಮಗೆ ಕಾಣದಲ್ಲಿ ನಿಂತು ಕಾಯುತ್ತಾರೆ. ಬದುಕುವುದು ನಿನ್ನಿಂದಾದೀತು ಎಂದು ಒಬ್ಬರನ್ನು ನಂಬುವುದಕ್ಕೆ ಅದಕ್ಕಿಂತ ಬೇರೆ ದಾರಿಯಿದ್ದಂತೆ ನಾನು ಕಂಡಿಲ್ಲ. ಉಂಡು ಮುಗಿಸಿ, ಅದನ್ನು ಹೇಳಬೇಕೆಂದು ತಲೆಯೆತ್ತಿದರೆ, ಅವರು ಆಗಲೇ ಇನ್ನಾರದೋ ಮನೆಯ ಬಾಗಿಲು ತಟ್ಟುತ್ತಿರುತ್ತಾರೆ.