ಹರಳೆಣ್ಣೆಯ ಗ್ರೀಸು

"ಬಂದ್ರಾ?" ಎಂದು ಹಾಜಿರಾ ಐದನೇ ಸಲ ಕೇಳಿದಳು. ಬಾಗಿಲಿಗೆ ಹೋಗಿ ಬೀದಿ ನೋಡಿದಳು, ಒಳಗೆ ಬಂದು ಸೆರಗು ಸರಿಮಾಡಿಕೊಂಡಳು, ಮತ್ತೆ ಬಾಗಿಲಿಗೆ ಹೋದಳು.

"ಕಾರು ಬಂದ್ರೆ ಹಾರ್ನ್ ಹೊಡೀತಾರೆ ಕಣಕ್ಕಾ. ಒಸಿ ಕೂತ್ಕಳಿ," ಎಂದ ಮುನಿಕೃಷ್ಣ, ಓಡುವ ಲೇತಿನ ಮುಂದಿನಿಂದಲೇ. ಚನ್ನಪಟ್ಟಣದ ಆ ಬೀದಿಯಲ್ಲಿ ಹನ್ನೆರಡು ಲೇತುಗಳಿವೆ. ಆಟಿಕೆ ಕಡೆಯುವುದರಲ್ಲಿ ಅವನನ್ನು ಮೀರಿಸುವ ಕೈ ಇನ್ನೊಂದಿಲ್ಲ.

ಕೂರುವುದೆಲ್ಲಿ ಬಂತು! ಮೂರು ವರ್ಷದ ಪಾಡು ಇವತ್ತು ತೀರ್ಮಾನವಾಗಬೇಕು. ಹಾಜಿರಾ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಮೂರು ವರ್ಷದ ಹಿಂದೆ ಬೆಂಗಳೂರಿನ ಕಂಪನಿಯೊಂದು ಈ ಬೀದಿಯ ಆಟಿಕೆಗಳನ್ನು ಮೂಟೆಗಟ್ಟಲೆ ವಾಪಸು ಕಳಿಸಿತ್ತು. ಬಣ್ಣವೆಲ್ಲ ಅರಗು, ಅರಿಶಿನ. ನೆಕ್ಕಿದರೂ ಏನೂ ಆಗದು. ಆದರೆ ಲೇತಿನ ಬೇರಿಂಗಿನಿಂದ ಸಿಡಿದ ಕರಿ ಗ್ರೀಸು ಮರಕ್ಕೆ ಅಂಟಿತ್ತು. ಕೂಸುಗಳು ಬಾಯಿಗಿಡುವ ವಸ್ತು! ಅಂದಿನಿಂದ ಹಾಜಿರಾ ಹರಳೆಣ್ಣೆಗೆ ಸುಣ್ಣ ಕೂಡಿಸಿ, ತೌಡಿನ ಮೇಣ ಬೆರೆಸಿ, ಕುದಿಸಿ, ಕೆಡಿಸಿ, ಮತ್ತೆ ಕುದಿಸಿ, ಕೊನೆಗೆ ಜೇನುಬಣ್ಣದ ಗ್ರೀಸೊಂದನ್ನು ಮಾಡಿದ್ದಳು. "ಹಾಜಿರಮ್ಮ ಭೇದಿ ಔಷಧಿ ಕಾಯಿಸ್ತಾಳೆ" ಎಂದು ಲೆಕ್ಚರರುಗಳು ನಕ್ಕಿದ್ದೂ ಆಯಿತು. ನಗಲಿ ಬಿಡಿ, ಊರ ಬಾಯಿಗೆ ಮುಚ್ಚಳ ಹಾಕಲು ಯಾರಿಂದಾಗುತ್ತದೆ? ಹತ್ತು ದಿನದಿಂದ ಆ ಗ್ರೀಸು ಮುನಿಕೃಷ್ಣನ ಲೇತಿನಲ್ಲಿ ಪರೀಕ್ಷೆಗೆ ಕೂತಿತ್ತು; ಮಿಕ್ಕಿದ್ದು ಡಬ್ಬಿಯಲ್ಲಿ ಅವಳ ಚೀಲದೊಳಗಿತ್ತು. ಇವತ್ತು ಕಂಪನಿಯವರು ಬಂದು ನೋಡಿ ಒಪ್ಪಿದರೆ ಹನ್ನೆರಡು ಲೇತಿಗೂ ಅವಳದೇ.

ತಡೆಯಲಾರದೆ ಬೇರಿಂಗಿನ ಮುಚ್ಚಳದ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಮೇ ತಿಂಗಳ ಬಿಸಿಲಿಗೆ ನಿನ್ನೆ ಅದು ಮುಟ್ಟಲಾರದಷ್ಟು ಕಾದಿತ್ತು. ಅಂಚನ್ನು ಬೆರಳಿಂದ ಒರೆಸಿದಳು. ಬೆರಳು ಕಪ್ಪಾಯಿತು.

"ಮುನಿಕೃಷ್ಣ, ಏನೋ ಇದು?"

ಅವನು ಉಳಿ ಹುಡುಕುವವನಂತೆ ತಲೆ ತಗ್ಗಿಸಿದ. ಉಳಿ ಕೈಯಲ್ಲೇ ಇತ್ತು.

"ನಿಮ್ದು ಕರಗಿ ಸೋರೋಗಿತ್ತು ಕಣಕ್ಕಾ. ಬೆಳಿಗ್ಗೆ ಆನ್ ಮಾಡಿದ್ರೆ ಬೇರಿಂಗು ಕಿರ್ರೋ ಅಂತು. ಅದ್ಕೇ ಹಳೇ ಗ್ರೀಸೇ ತುಂಬ್ಬುಟ್ಟೆ. ಬಂದವ್ರ ಮುಂದೆ ನಿಮ್ ಮರ್ವಾದೆ ಹೋಗ್ಬಾರ್ದಲ್ಲಾ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಒಪ್ತಿದ್ರಾ? ಇವತ್ತೊಂದಿನ ದಾಟ್ಲಿ. ಆಮ್ಯಾಕೆ ಸರಿ ಮಾಡ್ಕಳಿ."

ಹಾಜಿರಾಗೆ ಸಿಟ್ಟೂ ಬಂತು, ಅಳುವೂ ಬಂತು. ಒಳ್ಳೇದು ಮಾಡಲು ಹೋದವನನ್ನು ಬೈಯುವುದಾದರೂ ಹೇಗೆ? ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು.

ಕಂಪನಿಯ ಅಮೂಲ್ಯ ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಲೇತಿನ ಸದ್ದು ಆಲಿಸಿದಳು, ಬೇರಿಂಗಿನ ಶಾಖ ಅಳೆದಳು, ಫೈಲಿನಲ್ಲಿ ಗುರುತು ಹಾಕಿಕೊಂಡಳು. "ಸೂಪರ್ ಹಾಜಿರಾ ಮೇಡಂ! ಇಷ್ಟು ಸ್ಮೂತಾಗಿ ಓಡುತ್ತೆ ಅಂದ್ಕೊಂಡಿರ್ಲಿಲ್ಲ."

ಜನ್ಮದಲ್ಲಿ ಅವಳನ್ನು ಯಾರೂ ಮೇಡಂ ಎಂದಿರಲಿಲ್ಲ. ಎಷ್ಟು ಸಿಹಿ ಮಾತು, ಹಾಳಾದ್ದು! ನಿಜ ಹೇಳಬೇಕೆಂದೇ ಬಾಯಿ ತೆರೆದಳು. "ಟೀ ತರಿಸ್ಲಾ?" ಎಂದಷ್ಟೇ ಹೊರಬಿತ್ತು. ನಿಂತಲ್ಲಿ ನಿಲ್ಲಲಾರದೆ ಗೋಡೆಯಿಂದ ಗೋಡೆಗೆ ಓಡಾಡಿದಳು.

ಮುನಿಕೃಷ್ಣ ನಾಲ್ಕೇ ನಿಮಿಷದಲ್ಲಿ ಹಾಲೆ ಮರದ ಬಳೆಯೊಂದನ್ನು ಕಡೆದು, ಹೊರಮೈಗೆ ಕೆಂಪು ಅರಗು ಹಿಡಿಸಿ ಕೊಟ್ಟ. ಅಮೂಲ್ಯ ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಇದು ನನಗೇ ಇರ್ಲಿ. ನನ್ನ ಪಾಪುಗೆ ಹಲ್ಲು ಬರ್ತಿದೆ, ಸಿಕ್ಕಿದ್ದೆಲ್ಲ ಕಚ್ತಾಳೆ."

ಬಳೆ ಬ್ಯಾಗಿಗೆ ಇಳಿಯಿತು. ಒಳಅಂಚಿನ ಬಿಳಿ ಮರದಲ್ಲಿ ಎಳ್ಳುಕಾಳಿನಷ್ಟು ಕರಿ ಚುಕ್ಕೆಯಿತ್ತು. ಅದನ್ನು ಹಾಜಿರಾ ಒಬ್ಬಳೇ ಕಂಡಿದ್ದಳು. ಎಳ್ಳಿನಷ್ಟಕ್ಕೆ ಯಾವ ಕೂಸು ಸತ್ತೀತು, ಎಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮುನಿಕೃಷ್ಣ ಕಣ್ಣಲ್ಲೇ ಬೇಡವೆಂದ. ಅವಳು ಸೀದಾ ಹೋಗಿ ಬ್ಯಾಗಿಗೆ ಕೈಹಾಕಿ ಬಳೆ ಎತ್ತಿಕೊಂಡಳು.

"ಬೇಡಿ ಮೇಡಂ, ಮಗೂಗೆ ಕೊಡ್ಬೇಡಿ. ಒಳಗಿರೋದು ನನ್ನ ಗ್ರೀಸಲ್ಲ. ನಂದು ಈ ಬಿಸಿಲಿಗೆ ಕರಗಿ ಸೋರಿಹೋಯ್ತು. ಇದು ಹಳೇ ಕರಿ ಗ್ರೀಸು."

ಅಮೂಲ್ಯಳ ಮುಖ ಬಿಗಿಯಿತು. "ಯಾರು ಹಾಕಿದ್ದು?"

ಮುನಿಕೃಷ್ಣ ಉಳಿ ಕೆಳಗಿಟ್ಟ.

"ನಾನೇ," ಎಂದಳು ಹಾಜಿರಾ.

"ರಿಪೋರ್ಟಲ್ಲಿ ಫೇಲ್ ಅಂತಾನೇ ಬರೀಬೇಕಾಗುತ್ತೆ."

"ಬರೀರಿ."

ಅಮೂಲ್ಯ ಬರೆದಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಕಾರು ಹೊರಟ ಸದ್ದು ಬೀದಿಯ ತುದಿಯವರೆಗೂ ಕೇಳಿಸಿತು. ಹಾಜಿರಾ ಅಲ್ಲೇ ಮರದ ಹೊಟ್ಟಿನ ಮೇಲೆ ಕುಸಿದು ಕೂತಳು.

ಮುನಿಕೃಷ್ಣ ಸ್ವಿಚ್ಚು ಆರಿಸಿದ. ಲೇತು ತಿರುಗಿ ತಿರುಗಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದ. ಆಮೇಲೆ ಸ್ಪ್ಯಾನರ್ ತೆಗೆದು ಮುಚ್ಚಳ ಬಿಚ್ಚಿದ, ಕರಿ ಗ್ರೀಸನ್ನೆಲ್ಲ ಬೆರಳಿಂದ ಗೋರಿ ಹಳೇ ಪೇಪರಿಗೆ ಹಾಕಿದ, ತನ್ನ ಹೆಗಲ ಟವಲಿನಿಂದಲೇ ಬೇರಿಂಗಿನ ಗುಂಡುಗುಂಡನ್ನೂ ಒರೆಸಿದ. ಒರೆಸಿ ಮುಗಿದ ಮೇಲೆ, ಅವಳ ಕಡೆ ನೋಡದೆ, ಅಂಗೈ ಚಾಚಿದ.

"ನಿಮ್ ಡಬ್ಬಿ ಕೊಡಿ ಅಕ್ಕಾ."